ಭತ್ತ ಒಣಗಿಸುವಿಕೆ

ಭತ್ತ ಒಣಗಿಸುವಿಕೆ ಎಂದರೆ ಕೊಯ್ಲಾದ ಭತ್ತದ ಕಾಳಿನಲ್ಲಿರುವ ಹೆಚ್ಚುವರಿ ನೀರಿನ ಅಂಶವನ್ನು ಬಿಸಿಲು, ಗಾಳಿ ಅಥವಾ ಯಂತ್ರದ ನೆರವಿನಿಂದ ಹೊರತೆಗೆದು, ಕಾಳನ್ನು ಸಂಗ್ರಹಕ್ಕೆ, ಗಿರಣಿಗೆ ಅಥವಾ ಬಿತ್ತನೆಗೆ ಯೋಗ್ಯವಾದ ಸ್ಥಿತಿಗೆ ತರುವ ಕ್ರಿಯೆ. ಕೊಯ್ಲಿನ ವೇಳೆಗೆ ಭತ್ತದ ಕಾಳಿನಲ್ಲಿ ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ತೇವಾಂಶವಿರುತ್ತದೆ. ಕೆಲವು ತಿಂಗಳ ಮಟ್ಟಿಗೆ ಕೆಡದಂತೆ ಇಡಬೇಕಾದರೆ ಇದು ಶೇ. 14ಕ್ಕೆ ಇಳಿಯಬೇಕು, ವರ್ಷದವರೆಗೆ ಇಡುವುದಾದರೆ ಶೇ. 13 ಅಥವಾ ಅದಕ್ಕಿಂತ ಕಡಿಮೆಯಿರಬೇಕು. ಈ ಎಂಟು ಹತ್ತು ಅಂಶಗಳ ಇಳಿಕೆ ಎಷ್ಟು ಬೇಗ, ಎಷ್ಟು ಬಿಸಿಯಲ್ಲಿ, ಎಷ್ಟು ಸಮನಾಗಿ ನಡೆಯಿತು ಎಂಬುದರ ಮೇಲೆ ಅಕ್ಕಿಯ ಬಣ್ಣ, ವಾಸನೆ, ಮೊಳಕೆಯ ಶಕ್ತಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಗಿರಣಿಯಲ್ಲಿ ಸಿಗುವ ಇಡಿ ಅಕ್ಕಿಯ ಪ್ರಮಾಣ ನಿರ್ಧಾರವಾಗುತ್ತವೆ.

ಭತ್ತವು ಇತರ ಅನೇಕ ಧಾನ್ಯಗಳಿಗಿಂತ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿದೆ. ಗೋಧಿ, ರಾಗಿ, ಜೋಳಗಳು ಬಹುಪಾಲು ಹಿಟ್ಟಾಗಿಯೇ ಬಳಕೆಯಾಗುವುದರಿಂದ ಅವುಗಳ ಕಾಳು ಒಳಗೊಳಗೇ ಬಿರಿದರೂ ತಿನ್ನುವವರಿಗೆ ತಿಳಿಯುವುದಿಲ್ಲ. ಅಕ್ಕಿಯನ್ನು ಇಡಿಯಾಗಿ ಬೇಯಿಸಿ ಉಣ್ಣುತ್ತಾರೆ. ಆದ್ದರಿಂದ ಒಣಗಿಸುವಾಗ ಆದ ತಪ್ಪು ನೇರವಾಗಿ ನುಚ್ಚಿನ ರೂಪದಲ್ಲಿ ಎದುರಿಗೆ ಬರುತ್ತದೆ.

ತೇವಾಂಶದ ಲೆಕ್ಕ

ವ್ಯಾಪಾರದಲ್ಲಿಯೂ ಕೃಷಿ ಇಲಾಖೆಗಳ ಬರವಣಿಗೆಯಲ್ಲಿಯೂ ತೇವಾಂಶವನ್ನು ಹಸಿ ತೂಕದ ಆಧಾರದ ಮೇಲೆ ಹೇಳುತ್ತಾರೆ. ಶೇ. 22ರ ತೇವಾಂಶದ 100 ಕಿಲೋ ಭತ್ತದಲ್ಲಿ 22 ಕಿಲೋ ನೀರು, 78 ಕಿಲೋ ಒಣ ಪದಾರ್ಥ ಇರುತ್ತದೆ. ಇದನ್ನು ಶೇ. 14ಕ್ಕೆ ಇಳಿಸಿದರೆ ತೂಕ 92 ಕಿಲೋ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಒಣ ಪದಾರ್ಥ 78 ಕಿಲೋ ಆಗಿಯೇ ಉಳಿದು, ಅದು ಹೊಸ ತೂಕದ ಶೇ. 86 ಆಗಬೇಕಾದ್ದರಿಂದ ಒಣಗಿದ ಭತ್ತದ ತೂಕ ಸುಮಾರು 90.7 ಕಿಲೋ. ಅಂದರೆ ಕ್ವಿಂಟಲಿಗೆ ಒಂಬತ್ತು ಕಿಲೋಗಿಂತ ಹೆಚ್ಚು ನೀರು ಹೊರಹೋಗುತ್ತದೆ. ಹಸಿ ಭತ್ತ ಮಾರುವಾಗ ತೂಕದಲ್ಲಿ ಎಷ್ಟು ಕಡಿತ ನ್ಯಾಯವಾದದ್ದು ಎಂಬುದನ್ನು ರೈತರು ಈ ಲೆಕ್ಕದಿಂದ ತಾವೇ ಕಂಡುಕೊಳ್ಳಬಹುದು.

ಕಾಳು ಸುತ್ತಲಿನ ಗಾಳಿಯೊಡನೆ ಸದಾ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ಇದ್ದಾಗ ಭತ್ತವು ಕೊನೆಗೆ ಶೇ. 14ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆರ್ದ್ರತೆ ಶೇ. 90ರಷ್ಟಿರುವ ಮಳೆಗಾಲದ ದಿನಗಳಲ್ಲಿ ಎಷ್ಟೇ ಹೊತ್ತು ಗಾಳಿಗೆ ಹರಡಿದರೂ ಅದು ಶೇ. 17ಕ್ಕಿಂತ ಕೆಳಗೆ ಬರುವುದಿಲ್ಲ. ಕರಾವಳಿಯಲ್ಲಿ ಏಣೆಲು ಬೆಳೆಯನ್ನು ಮಳೆ ಪೂರ್ತಿ ಹಿಂದೆಗೆಯುವ ಮೊದಲೇ ಕೊಯ್ಯಬೇಕಾದವರಿಗೆ ಇದು ಪುಸ್ತಕದ ಸಂಗತಿಯಲ್ಲ, ಪ್ರತಿವರ್ಷದ ಅನುಭವ. ಅಲ್ಲಿ ಗಾಳಿಯನ್ನು ಬಿಸಿಮಾಡದೆ ಬೇರೆ ಉಪಾಯವಿಲ್ಲ.

ತಡವಾದರೆ ಆಗುವ ಹಾನಿ

ಕೊಯ್ದ ಕಾಳು ಜೀವಂತ ವಸ್ತು. ಹಸಿಯಾಗಿದ್ದಷ್ಟೂ ಅದು ಹೆಚ್ಚು ಉಸಿರಾಡುತ್ತದೆ. ಉಸಿರಾಟದಿಂದ ಶಾಖವೂ ನೀರೂ ಹುಟ್ಟುತ್ತವೆ. ಹಸಿ ಭತ್ತದ ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗೆ ತಾಗುವುದು ಇದರಿಂದಲೇ. ಈ ಬಿಸಿಯೂ ತೇವವೂ ಬೂಷ್ಟಿಗೆ ಅನುಕೂಲ. ಬೂಷ್ಟು ಬೆಳೆದಂತೆ ಶಾಖ ಮತ್ತಷ್ಟು ಏರುತ್ತದೆ, ಅಕ್ಕಿ ಹಳದಿಗೆ ತಿರುಗುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಹಾಗೆ ಹಳದಿಯಾದ ಕಾಳು ಎಷ್ಟು ಪಾಲಿಶ್ ಮಾಡಿದರೂ ಬೆಳ್ಳಗಾಗುವುದಿಲ್ಲ. ಬಣ್ಣ ಕಾಳಿನ ಒಳಗೇ ಇಳಿದಿರುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್‌ನಂತಹ ವಿಷವಸ್ತುಗಳನ್ನೂ ಉತ್ಪಾದಿಸಬಲ್ಲವು.

ಈ ಕಾರಣದಿಂದ ಕೊಯ್ಲಾದ 24 ಗಂಟೆಯೊಳಗೆ ಒಣಗಿಸುವ ಕೆಲಸ ಆರಂಭವಾಗಬೇಕೆಂದು ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸಲಹೆ ನೀಡುತ್ತದೆ. ತಕ್ಷಣ ಶೇ. 14ಕ್ಕೆ ಇಳಿಸಲು ಸಾಧ್ಯವಾಗದಿದ್ದರೆ ಮೊದಲು ಶೇ. 18ಕ್ಕಾದರೂ ತಂದುಬಿಟ್ಟರೆ ಕೆಡುವ ವೇಗ ಬಹಳ ಕಡಿಮೆಯಾಗುತ್ತದೆ. ಹಸಿ ಭತ್ತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರ್ಯಾಕ್ಟರಿನಲ್ಲಿಯೇ ರಾತ್ರಿ ಕಳೆಯುವಂತೆ ಬಿಡುವುದು ಇರುವ ಪದ್ಧತಿಗಳಲ್ಲೆಲ್ಲ ಕೆಟ್ಟದ್ದು.

ಕಾಳು ಬಿರಿಯುವುದು

ಭತ್ತವನ್ನು ಗಿರಣಿಗೆ ಹಾಕಿದಾಗ ಸುಮಾರು ಐದನೆಯ ಒಂದು ಭಾಗ ಹೊಟ್ಟಾಗಿ, ಹತ್ತನೆಯ ಒಂದು ಭಾಗದಷ್ಟು ತೌಡಾಗಿ ಹೋಗಿ, ಉಳಿದ ಶೇ. 67ರಿಂದ 70ರಷ್ಟು ಅಕ್ಕಿಯಾಗಿ ದೊರೆಯುತ್ತದೆ. ಸರ್ಕಾರದ ಭತ್ತವನ್ನು ಅಕ್ಕಿ ಮಾಡಿಕೊಡುವ ಗಿರಣಿಗಳು ಬೆಳ್ತಿಗೆ ಅಕ್ಕಿಯಾದರೆ ಕ್ವಿಂಟಲ್ ಭತ್ತಕ್ಕೆ 67 ಕಿಲೋ, ಕುಚ್ಚಲಕ್ಕಿಯಾದರೆ 68 ಕಿಲೋ ಮರಳಿಸಬೇಕೆಂಬ ನಿಯಮ ಇದೇ ಲೆಕ್ಕದ ಮೇಲೆ ನಿಂತಿದೆ. ಹೀಗೆ ಬಂದ ಅಕ್ಕಿಯಲ್ಲಿ ಮೂಲ ಉದ್ದದ ಮುಕ್ಕಾಲು ಭಾಗಕ್ಕಿಂತ ಕಡಿಮೆಯಿರುವ ಕಾಳನ್ನು ನುಚ್ಚೆಂದು ಎಣಿಸಲಾಗುತ್ತದೆ. ಒಟ್ಟು ಅಕ್ಕಿಯ ತೂಕ ಒಣಗಿಸುವ ವಿಧಾನದಿಂದ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಇಡಿ ಅಕ್ಕಿಗೂ ನುಚ್ಚಿಗೂ ಇರುವ ಪಾಲು.

ನುಚ್ಚನ್ನು ಗಿರಣಿಯ ಯಂತ್ರವೇ ಮಾಡುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಅರ್ಧ ಸತ್ಯ ಮಾತ್ರ. ಹೆಚ್ಚಿನ ಕಾಳುಗಳು ಗಿರಣಿಗೆ ಬರುವ ಮೊದಲೇ ಅಡ್ಡಡ್ಡಲಾಗಿ ಕೂದಲೆಳೆಯಂತಹ ಬಿರುಕು ಪಡೆದಿರುತ್ತವೆ. ಹೊಟ್ಟಿನ ಮರೆಯಲ್ಲಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಕೈಯಿಂದ ಸಿಪ್ಪೆ ಬಿಡಿಸಿದ ಕಾಳನ್ನು ದೀಪಕ್ಕೆ ಅಡ್ಡ ಹಿಡಿದರೆ ಬಿರುಕು ಗೆರೆಯಂತೆ ಕಾಣಿಸುತ್ತದೆ. ಯಂತ್ರದ ಒತ್ತಡ ಬಿದ್ದೊಡನೆ ಕಾಳು ಆ ಗೆರೆಯಲ್ಲೇ ಮುರಿಯುತ್ತದೆ.

ಬಿರುಕಿಗೆ ಎರಡು ದಾರಿಗಳಿವೆ. ಮೊದಲನೆಯದು ಅತಿ ವೇಗದ ಒಣಗುವಿಕೆ. ಕಾಳಿನ ಹೊರಮೈಯಿಂದ ನೀರು ಬೇಗ ಆರಿಹೋಗುತ್ತದೆ, ಆದರೆ ನಡುವಿನ ನೀರು ಮೇಲಕ್ಕೆ ಬರಲು ಸಮಯ ಬೇಕು. ಹೊರಮೈ ಒಣಗಿ ಕುಗ್ಗುತ್ತಿರುವಾಗ ಒಳಗು ಇನ್ನೂ ಹಸಿಯಾಗಿ ಉಬ್ಬಿಯೇ ಇರುತ್ತದೆ. ಈ ಎಳೆದಾಟದಿಂದ ಕಾಳು ಒತ್ತಡಕ್ಕೆ ಸಿಲುಕುತ್ತದೆ. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾನಿಲಯದಲ್ಲಿ ಸೀಬನ್‌ಮಾರ್ಗನ್ ಮತ್ತು ಅವರ ಸಂಗಡಿಗರು ಇದಕ್ಕೆ ಇನ್ನೂ ಸೂಕ್ಷ್ಮವಾದ ವಿವರಣೆ ಕೊಟ್ಟರು. ಅಕ್ಕಿಯ ಪಿಷ್ಟವು ತಂಪಾಗಿ ಒಣಗಿದ್ದಾಗ ಗಾಜಿನಂತೆ ಬಿರುಸಾಗಿಯೂ, ಬಿಸಿಯಾಗಿ ತೇವದಿಂದಿದ್ದಾಗ ರಬ್ಬರಿನಂತೆ ಮಿದುವಾಗಿಯೂ ಇರುತ್ತದೆ. ತೇವಾಂಶ ಹೆಚ್ಚಿದ್ದಷ್ಟೂ ಈ ಮಾರ್ಪಾಟು ಕಡಿಮೆ ಉಷ್ಣತೆಯಲ್ಲೇ ಆಗುತ್ತದೆ. ಬಿಸಿಗಾಳಿಯಲ್ಲಿ ಬೇಗ ಒಣಗಿದ ಕಾಳನ್ನು ಕೂಡಲೇ ತಣಿಸಿದರೆ ಹೊರಪದರ ಗಾಜಿನ ಸ್ಥಿತಿಗೆ ಬರುತ್ತದೆ, ಒಳಗು ಮಿದುವಾಗಿಯೇ ಉಳಿಯುತ್ತದೆ. ಎರಡರ ಹಿಗ್ಗು ಕುಗ್ಗುಗಳು ಬೇರೆ ಬೇರೆಯಾದ್ದರಿಂದ ಕಾಳು ಬಿರಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಿರುಕು ಒಣಗಿಸುತ್ತಿರುವಾಗಲೇ ಕಾಣಿಸಿಕೊಳ್ಳುವುದು ಕಡಿಮೆ. ಒಣಗಿಸಿ ಮುಗಿದ ನಂತರದ ಗಂಟೆಗಳಲ್ಲಿ, ಕೆಲವೊಮ್ಮೆ ಮರುದಿನ ಅದು ತೋರುತ್ತದೆ. ಯಂತ್ರದಿಂದ ಇಳಿಸಿದಾಗ ಚೆನ್ನಾಗಿದ್ದ ಭತ್ತ ಗಿರಣಿಯಲ್ಲಿ ನುಚ್ಚಾಯಿತೆಂದು ಜಗಳವಾಡುವವರಿಬ್ಬರೂ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರಬಹುದು.

ಎರಡನೆಯ ದಾರಿ ಒಣಗಿದ ಕಾಳು ಮತ್ತೆ ನೆನೆಯುವುದು. ಇದು ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಆದರೆ ಇದರತ್ತ ಗಮನ ಕಡಿಮೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಆಟೋ ಕುಂಜೆ ಎಂಬ ಕೃಷಿ ಎಂಜಿನಿಯರ್ ನಡೆಸಿದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ಚೆನ್ನಾಗಿ ಒಣಗಿದ ಕಾಳಿಗೆ ಇಬ್ಬನಿ, ಮಳೆಹನಿ ಅಥವಾ ತೇವದ ಗಾಳಿ ತಾಗಿದರೆ ಹೊರಮೈ ನೀರು ಹೀರಿ ಹಿಗ್ಗುತ್ತದೆ. ಒಣಗಿ ಬಿಗಿದಿರುವ ನಡುಭಾಗ ಅದರ ಜೊತೆ ಹಿಗ್ಗಲಾರದೆ ಸೀಳುತ್ತದೆ. ಗದ್ದೆಯಲ್ಲಿ ಬಲಿತು ಒಣಗಿ ನಿಂತ ತೆನೆಗೆ ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು ಸರದಿಯಂತೆ ಬಿದ್ದಾಗಲೂ, ಕೊಯ್ದು ಹಾಸಿದ ಪೈರು ಮೂರು ನಾಲ್ಕು ರಾತ್ರಿ ಬಯಲಲ್ಲೇ ಉಳಿದಾಗಲೂ, ಅಂಗಳದ ಭತ್ತವನ್ನು ಸಂಜೆ ಮುಚ್ಚದೆ ಬಿಟ್ಟಾಗಲೂ ಆಗುವುದು ಇದೇ. ಒಣಗಿದ ಭತ್ತವನ್ನೂ ಹಸಿ ಭತ್ತವನ್ನೂ ಒಂದೇ ರಾಶಿಗೆ ಸುರಿದರೆ ಹಸಿಕಾಳಿನ ನೀರನ್ನು ಒಣಕಾಳು ಹೀರುವುದರಿಂದ ಅಲ್ಲಿಯೂ ಬಿರುಕು ಉಂಟಾಗುತ್ತದೆ.

ತಳಿಯ ಗುಣವೂ ಇದರಲ್ಲಿ ಸೇರುತ್ತದೆ. ಉದ್ದವಾಗಿ ತೆಳ್ಳಗಿರುವ ಕಾಳು, ಹೊಟ್ಟೆಯಲ್ಲಿ ಸುಣ್ಣದಂತಹ ಬಿಳಿ ಮಚ್ಚೆಯಿರುವ ಕಾಳು ಬೇಗ ಮುರಿಯುತ್ತವೆ. ಗಿಡ್ಡ ದಪ್ಪ ಕಾಳು ಹೆಚ್ಚು ತಾಳಿಕೊಳ್ಳುತ್ತದೆ.

ಹದಕ್ಕೆ ಬಿಡುವುದು

ಬಿರುಕು ತಪ್ಪಿಸುವ ಮುಖ್ಯ ಉಪಾಯ ಒಣಗಿಸುವುದನ್ನು ನಡುವೆ ನಿಲ್ಲಿಸಿ, ಬೆಚ್ಚಗಿರುವ ಭತ್ತವನ್ನು ರಾಶಿ ಹಾಕಿ ಮುಚ್ಚಿ ಕೆಲವು ಗಂಟೆ ಹಾಗೆಯೇ ಬಿಡುವುದು. ಈ ಬಿಡುವಿನಲ್ಲಿ ಕಾಳಿನ ನಡುವಿನ ತೇವ ಹೊರಪದರಕ್ಕೆ ಹರಿದು ಎಲ್ಲೆಡೆ ಸಮನಾಗುತ್ತದೆ, ಒತ್ತಡ ಸಡಿಲವಾಗುತ್ತದೆ. ಆಮೇಲೆ ಮತ್ತೆ ಒಣಗಿಸಿದರೆ ಹಾನಿಯಿಲ್ಲ. ಇದರಿಂದ ಯಂತ್ರ ಓಡುವ ಒಟ್ಟು ಸಮಯವೂ ಕಡಿಮೆಯಾಗುತ್ತದೆ. ಏಕೆಂದರೆ ಬಿಡುವಿನ ನಂತರ ಹೊರಮೈ ಮತ್ತೆ ತೇವವಾಗಿರುವುದರಿಂದ ನೀರು ಸುಲಭವಾಗಿ ಆರುತ್ತದೆ. ಹಿಂದೆ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಭತ್ತವನ್ನು ಒಟ್ಟುಗೂಡಿಸಿ ಚಾಪೆ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಪುನಃ ಹರಡುವ ರೂಢಿಯಿತ್ತು. ಅದರ ಉದ್ದೇಶ ಕೇವಲ ಕಾವಲಿನ ಅನುಕೂಲವಾಗಿದ್ದಿರಬಹುದು, ಆದರೆ ಫಲ ಮಾತ್ರ ವಿಜ್ಞಾನ ಹೇಳುವುದಕ್ಕೆ ಒಪ್ಪುವಂಥದ್ದೇ.

ಬಿಸಿಲಿನಲ್ಲಿ ಒಣಗಿಸುವುದು

ಭಾರತವೂ ಸೇರಿದಂತೆ ಏಷ್ಯಾದ ಬಹುಪಾಲು ಸಣ್ಣ ರೈತರು ಇಂದಿಗೂ ಬಿಸಿಲನ್ನೇ ನಂಬಿದ್ದಾರೆ. ಸಗಣಿ ಸಾರಿಸಿದ ಕಣ, ಸಿಮೆಂಟಿನ ಅಂಗಳ, ಚಾಪೆ, ಟಾರ್ಪಾಲು, ಬಲೆ ಹೀಗೆ ಹಾಸು ಬೇರೆ ಬೇರೆ. ಇಂಧನದ ವೆಚ್ಚವಿಲ್ಲದಿರುವುದು ಇದರ ದೊಡ್ಡ ಅನುಕೂಲ; ಕೂಲಿಯ ವೆಚ್ಚವಿಲ್ಲವೆಂದು ಹೇಳುವವರು ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಭತ್ತ ಹರಡುವುದು, ಕಾಲಾಡಿಸುತ್ತ ತಿರುವುವುದು, ಕೋಳಿ ಗುಬ್ಬಿಗಳನ್ನು ಓಡಿಸುವುದು, ಮೋಡ ಕಂಡೊಡನೆ ಬಾಚಿ ಒಳಗೆ ಸೇರಿಸುವುದು ಬಹುಮಟ್ಟಿಗೆ ಅವರ ಪಾಲಿನ ಕೆಲಸ.

ಬಿಸಿಲಿನಲ್ಲಿ ಒಣಗಿಸಿದ ಭತ್ತ ಯಾವಾಗಲೂ ಕೀಳು ಗುಣಮಟ್ಟದ್ದೆಂದು ಕೆಲವು ಪುಸ್ತಕಗಳಲ್ಲಿ ಬರೆದಿರುವುದುಂಟು. ಇದನ್ನು ಹಾಗೆಯೇ ಒಪ್ಪುವುದು ಕಷ್ಟ. ಕ್ರಮವರಿತು ಮಾಡಿದರೆ ಬಿಸಿಲಿನಿಂದಲೂ ಉತ್ತಮ ಅಕ್ಕಿ ದೊರೆಯುತ್ತದೆ. ಹರಡಿದ ಪದರ 2ರಿಂದ 4 ಸೆಂಟಿಮೀಟರ್ ದಪ್ಪವಿರಬೇಕು. ತೀರ ತೆಳುವಾಗಿ ಹರಡಿದರೆ ಬೇಗ ಒಣಗುತ್ತದೆ ಎಂಬುದು ನಿಜ, ಆದರೆ ಕಾಳು ಅತಿಯಾಗಿ ಕಾಯ್ದು ಬಿರಿಯುತ್ತದೆ. ದಪ್ಪವಾದರೆ ಮೇಲಿನದು ಒಣಗಿ ಕೆಳಗಿನದು ಹಸಿಯಾಗಿ ಉಳಿಯುತ್ತದೆ. ಅರ್ಧ ಗಂಟೆಗೊಮ್ಮೆ ತಿರುವಬೇಕು. ನಡುಹಗಲಿನಲ್ಲಿ ಕಾಳಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ಮೀರುವಂತಿದ್ದರೆ ಕೂಡಿಸಿ ನೆರಳು ಮಾಡಬೇಕು. ಸಂಜೆ ಕಡ್ಡಾಯವಾಗಿ ಮುಚ್ಚಬೇಕು. ಇವುಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ತಿರುವುವ ಕೆಲಸ. ಮರದ ಹಲಗೆ ಸಿಕ್ಕಿಸಿದ ಕೋಲಿನಿಂದ ಸಾಲು ಸಾಲಾಗಿ ಎಳೆಯುತ್ತ ಹೋದರೆ ಒಬ್ಬರೇ ದೊಡ್ಡ ಅಂಗಳವನ್ನು ನಿಭಾಯಿಸಬಹುದು. ನೆಲದ ಮೇಲೆ ನೇರವಾಗಿ ಪ್ಲಾಸ್ಟಿಕ್ ಹಾಳೆ ಹಾಸಿದಾಗ ಅಡಿಯಲ್ಲಿ ನೀರು ಬೆವರಿದಂತೆ ಕೂಡುವುದರಿಂದ ಕೆಳಪದರ ಒಣಗುವುದು ನಿಧಾನ. ಗಾಳಿಯಾಡುವ ಬಲೆ ಇದಕ್ಕಿಂತ ಮೇಲು.

ರಸ್ತೆಯ ಮೇಲೆ ಭತ್ತ

ಕೈಯಿಂದ ಕೊಯ್ಯುತ್ತಿದ್ದ ಕಾಲದಲ್ಲಿ ಪೈರನ್ನು ಗದ್ದೆಯಲ್ಲಿ ಎರಡು ಮೂರು ದಿನ ಹಾಸಿ, ಕಂತೆ ಕಟ್ಟಿ, ಬಣವೆ ಒಟ್ಟಿ, ಬಿಡುವಾದಾಗ ಬಡಿಯುತ್ತಿದ್ದರು. ಕಾಳು ಹುಲ್ಲಿನಲ್ಲಿರುವಾಗಲೇ ನಿಧಾನವಾಗಿ ಆರುತ್ತಿತ್ತು. ಬಡಿದ ಭತ್ತಕ್ಕೆ ಬೇಕಾದ ಬಿಸಿಲು ಕಡಿಮೆ. ಬಣವೆಯನ್ನು ಹಸಿಯಾಗಿ ಒಟ್ಟಿದರೆ ಒಳಗೆ ಕಾವು ಹುಟ್ಟಿ ಅಕ್ಕಿ ಹಳದಿಯಾಗುತ್ತಿದ್ದುದೂ ಉಂಟು. ಜಪಾನಿನಲ್ಲಿ ಕಂತೆಗಳನ್ನು ಗದ್ದೆಯಲ್ಲೇ ಬಿದಿರಿನ ಅಥವಾ ಮರದ ಅಡ್ಡಗಳಿಗೆ ತಲೆಕೆಳಗಾಗಿ ನೇತುಹಾಕಿ ಒಣಗಿಸುವ ಪದ್ಧತಿ ಇನ್ನೂ ಕೆಲವೆಡೆ ಉಳಿದಿದೆ, ಮತ್ತು ಆ ಅಕ್ಕಿಗೆ ವಿಶೇಷ ಬೆಲೆಯೂ ಇದೆ.

ಕೊಯ್ಲು ಯಂತ್ರ ಬಂದ ಮೇಲೆ ಈ ನಿಧಾನದ ಒಣಗುವಿಕೆ ಇಲ್ಲವಾಯಿತು. ಯಂತ್ರವು ನಿಂತ ಪೈರನ್ನೇ ಕತ್ತರಿಸಿ, ಬಡಿದು, ಹಸಿಕಾಳನ್ನು ಟ್ರಾಲಿಗೆ ಸುರಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಒಂದೇ ವಾರದಲ್ಲಿ ಊರಿನ ಎಲ್ಲರ ಭತ್ತವೂ ಹೀಗೆ ಒಟ್ಟಿಗೆ ಕೈಗೆ ಬರುತ್ತದೆ. ಒಂದು ಟನ್ ಭತ್ತವನ್ನು 3 ಸೆಂಟಿಮೀಟರ್ ದಪ್ಪಕ್ಕೆ ಹರಡಲು ಸುಮಾರು 60 ಚದರ ಮೀಟರ್ ಜಾಗ ಬೇಕು. ಎಕರೆಗೆ 25 ಕ್ವಿಂಟಲ್ ಬೆಳೆದ ಐದು ಎಕರೆಯ ರೈತನಿಗೆ ಬೇಕಾಗುವುದು 750 ಚದರ ಮೀಟರ್. ಇಷ್ಟು ಅಂಗಳ ಯಾರ ಮನೆಯ ಮುಂದಿದೆ? ಆಗ ಉಳಿಯುವುದು ಡಾಂಬರು ರಸ್ತೆ.

ರಸ್ತೆಯ ಮೇಲೆ ಒಣಗಿಸುವುದರಿಂದ ಗುಣಮಟ್ಟಕ್ಕೆ ಆಗುವ ಕೆಡುಕು ಹಲವು ಬಗೆಯದು. ಕಪ್ಪು ಡಾಂಬರು ಬೇಸಗೆಯ ನಡುಹಗಲಿನಲ್ಲಿ ಗಾಳಿಗಿಂತ ಬಹಳ ಹೆಚ್ಚು ಕಾಯುವುದರಿಂದ ಕೆಳಪದರದ ಕಾಳು ಸುಟ್ಟಂತೆ ಒಣಗಿ ಬಿರಿಯುತ್ತದೆ. ವಾಹನದ ಗಾಲಿಗಳು ಕಾಳನ್ನು ಜಜ್ಜುತ್ತವೆ. ಮರಳು, ಸಣ್ಣ ಕಲ್ಲು, ಎಣ್ಣೆಯ ಮಡ್ಡಿ ಸೇರುತ್ತವೆ. ಗಿರಣಿಯಲ್ಲಿ ಕಲ್ಲು ಬೇರ್ಪಡಿಸುವ ಯಂತ್ರ ಇದ್ದರೂ ಅಕ್ಕಿಯಷ್ಟೇ ಗಾತ್ರದ ಕಲ್ಲು ಕೆಲವೊಮ್ಮೆ ಉಳಿದುಬಿಡುತ್ತದೆ. ರಸ್ತೆಯ ಅರ್ಧ ಭಾಗ ಭತ್ತದಿಂದ ಮುಚ್ಚಿ, ಅಂಚಿಗೆ ಕಲ್ಲು ಜೋಡಿಸಿರುವುದರಿಂದ ರಾತ್ರಿ ದ್ವಿಚಕ್ರ ವಾಹನ ಸವಾರರು ಬಿದ್ದು ಗಾಯಗೊಳ್ಳುವುದೂ ಸುಗ್ಗಿಯ ದಿನಗಳಲ್ಲಿ ಹೊಸದಲ್ಲ. ರೈತರನ್ನು ದೂರುವುದು ಸುಲಭ; ಊರಿಗೊಂದು ಸಾಮೂಹಿಕ ಒಕ್ಕಣೆ ಕಣವಿಲ್ಲದೆ ದೂರಿ ಪ್ರಯೋಜನವಿಲ್ಲ.

ಯಂತ್ರಗಳು

ಯಂತ್ರದಲ್ಲಿ ಒಣಗಿಸುವುದರ ತತ್ತ್ವ ಒಂದೇ: ಬಿಸಿಮಾಡಿದ ಗಾಳಿಯನ್ನು ಭತ್ತದ ನಡುವೆ ಹಾಯಿಸುವುದು. ವ್ಯತ್ಯಾಸವಿರುವುದು ಭತ್ತ ನಿಂತಿರುತ್ತದೆಯೇ, ಚಲಿಸುತ್ತದೆಯೇ ಎಂಬುದರಲ್ಲಿ.

ಸಮತಟ್ಟು ಹಾಸಿನ ಯಂತ್ರ ಎಲ್ಲಕ್ಕಿಂತ ಸರಳ. ತೂತುಗಳಿರುವ ತಗಡಿನ ಮೇಲೆ ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಭತ್ತ ತುಂಬಿ, ಕೆಳಗಿನಿಂದ 40ರಿಂದ 45 ಡಿಗ್ರಿಯ ಗಾಳಿ ಊದುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ವಿನ್ಯಾಸವು ಮುಂದೆ ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲಿ ಬಹಳ ಜನಪ್ರಿಯವಾಯಿತು. ಸ್ಥಳೀಯ ಬಡಗಿಗಳು, ಕಮ್ಮಾರರು ಕಟ್ಟಬಲ್ಲ ಯಂತ್ರವಾಗಿದ್ದುದೂ, ಹೊಟ್ಟಿನಿಂದಲೇ ಒಲೆ ಉರಿಯುತ್ತಿದ್ದುದೂ ಅದಕ್ಕೆ ಕಾರಣ. ಅದರ ದೋಷವೆಂದರೆ ತಳದ ಭತ್ತ ಬೇಗ ಒಣಗಿ, ಮೇಲಿನದು ಹಿಂದುಳಿಯುವುದು; ನಡುವೆ ತಿರುವದಿದ್ದರೆ ಎರಡರ ನಡುವೆ ಮೂರು ನಾಲ್ಕು ಅಂಶಗಳ ವ್ಯತ್ಯಾಸ ಉಳಿಯುತ್ತದೆ. ಗಾಳಿಯ ದಿಕ್ಕನ್ನು ಮೇಲಿನಿಂದ ಕೆಳಕ್ಕೆ ಬದಲಿಸುವ ವ್ಯವಸ್ಥೆ ಆಮೇಲೆ ಬಂದಿತು.

ಭತ್ತವನ್ನು ಗೋಪುರದೊಳಗೆ ಸುತ್ತಿಸುತ್ತ ಒಣಗಿಸುವ ಯಂತ್ರಗಳು ಜಪಾನ್, ತೈವಾನ್‌ಗಳಲ್ಲಿ ಬೆಳೆದವು. ಕಾಳು ಸ್ವಲ್ಪ ಹೊತ್ತು ಬಿಸಿಗಾಳಿಯ ಭಾಗದಲ್ಲಿದ್ದು, ಬಳಿಕ ಮೇಲಿನ ತೊಟ್ಟಿಯಲ್ಲಿ ಹದಕ್ಕೆ ಬಿಡುವ ಸಮಯ ಪಡೆದು, ಪುನಃ ಕೆಳಗಿಳಿಯುತ್ತದೆ. ಗಂಟೆಗೆ ಒಂದು ಅಂಶದಷ್ಟು ಅಥವಾ ಅದಕ್ಕಿಂತ ತುಸು ಕಡಿಮೆ ತೇವ ಇಳಿಸುವಂತೆ ನಿಯಂತ್ರಿಸಿದರೆ ಇಡಿ ಅಕ್ಕಿಯ ಪಾಲು ಅತ್ಯುತ್ತಮವಾಗಿರುತ್ತದೆ. ಭಾರತದ ದೊಡ್ಡ ಗಿರಣಿಗಳಲ್ಲಿ ಹೆಚ್ಚಾಗಿ ಕಾಣುವುದು ಅಮೆರಿಕದ ಲೂಸಿಯಾನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ, ಎಲ್‌ಎಸ್‌ಯು ಎಂಬ ಅದರ ಹೆಸರಿನಿಂದಲೇ ಕರೆಯಲಾಗುವ ಮಾದರಿ. ಇದರಲ್ಲಿ ತಲೆಕೆಳಗಾದ ವಿ ಆಕಾರದ ಗಾಳಿಯ ಕೊಳವೆಗಳ ನಡುವೆ ಕಾಳು ಬೆರೆಯುತ್ತ ಇಳಿಯುತ್ತದೆ. ಒಂದೇ ಸಲಕ್ಕೆ ಪೂರ್ತಿ ಒಣಗಿಸದೆ, ಪ್ರತಿ ಸುತ್ತಿಗೆ ಎರಡು ಮೂರು ಅಂಶ ಮಾತ್ರ ತೆಗೆದು ನಡುವೆ ಬಿಡುವು ಕೊಡುವುದು ಸರಿಯಾದ ಕ್ರಮ. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಈ ಬಿಡುವೇ ಮೊದಲು ಕೈಬಿಟ್ಟುಹೋಗುತ್ತದೆ.

ತೀರ ಹಸಿ ಭತ್ತವನ್ನು ಹೆಚ್ಚಿನ ಬಿಸಿಯ ಗಾಳಿಯಲ್ಲಿ ತೇಲಿಸಿ ಕೆಲವೇ ನಿಮಿಷಗಳಲ್ಲಿ ಶೇ. 18ರವರೆಗೆ ತಂದು, ಉಳಿದುದನ್ನು ನಿಧಾನವಾಗಿ ಒಣಗಿಸುವ ಎರಡು ಹಂತದ ವಿಧಾನ ಥಾಯ್ಲೆಂಡಿನಲ್ಲಿ ಬಳಕೆಗೆ ಬಂದಿದೆ. ತೇವ ಹೆಚ್ಚಿರುವಾಗ ಕಾಳು ಮಿದುವಾಗಿರುವುದರಿಂದ ಬಿರುಸಾದ ಬಿಸಿಯನ್ನು ತಾಳಿಕೊಳ್ಳುತ್ತದೆ. ಅಪಾಯವಿರುವುದು ಕೊನೆಯ ನಾಲ್ಕು ಅಂಶಗಳಲ್ಲಿ.

ಇಂಧನದ ವಿಷಯದಲ್ಲಿ ಭತ್ತ ಸ್ವಾವಲಂಬಿ ಎನ್ನಬಹುದು. ಒಂದು ಟನ್ ಭತ್ತವನ್ನು ಶೇ. 22ರಿಂದ 14ಕ್ಕೆ ಇಳಿಸಲು ಸುಮಾರು 93 ಕಿಲೋ ನೀರನ್ನು ಆವಿ ಮಾಡಬೇಕು. ಕಿಲೋ ನೀರಿಗೆ 5 ಮೆಗಾಜೌಲ್‌ನಂತೆ ಹಿಡಿದರೆ 465 ಮೆಗಾಜೌಲ್ ಶಾಖ ಬೇಕು. ಒಂದು ಕಿಲೋ ಹೊಟ್ಟು ಉರಿದರೆ ಸುಮಾರು 13 ಮೆಗಾಜೌಲ್ ದೊರೆಯುತ್ತದೆ. ಒಲೆಯಲ್ಲಿ ಆಗುವ ನಷ್ಟವನ್ನು ಸೇರಿಸಿದರೂ 50 ಕಿಲೋ ಹೊಟ್ಟು ಸಾಕು. ಅದೇ ಟನ್ ಭತ್ತದಿಂದ ಬರುವ ಹೊಟ್ಟು 200 ಕಿಲೋ. ಹೊಗೆ ಕಾಳಿಗೆ ತಾಗದಂತೆ ಶಾಖವನ್ನು ಬೇರೆ ಕೊಳವೆಯ ಮೂಲಕ ಗಾಳಿಗೆ ಕೊಡಬೇಕು, ಇಲ್ಲದಿದ್ದರೆ ಅಕ್ಕಿಗೆ ಹೊಗೆಯ ವಾಸನೆ ಅಂಟುತ್ತದೆ.

ಕುಚ್ಚಲಕ್ಕಿಯ ಒಣಗಿಸುವಿಕೆ

ಕರಾವಳಿಯ ಕುಚ್ಚಲಕ್ಕಿ, ಮಲೆನಾಡಿನ ಕುಸುಬಲಕ್ಕಿ ಎಂದು ಕರೆಯುವ ಅಕ್ಕಿಯನ್ನು ಪಡೆಯಲು ಭತ್ತವನ್ನು ನೆನೆಸಿ, ಬೇಯಿಸಿ, ಮತ್ತೆ ಒಣಗಿಸಬೇಕು. ಬೇಯಿಸಿದ ಭತ್ತದಲ್ಲಿ ತೇವಾಂಶ ಶೇ. 35ರಷ್ಟಿರುತ್ತದೆ. ಬೇಯುವಾಗ ಪಿಷ್ಟವು ಅಂಟಾಗಿ ಕಾಳಿನೊಳಗಿನ ಹಳೆಯ ಬಿರುಕುಗಳು ಬೆಸೆದುಕೊಳ್ಳುವುದರಿಂದ ಇದರಲ್ಲಿ ನುಚ್ಚು ಬಹಳ ಕಡಿಮೆ. ಮಳೆಗೆ ಸಿಕ್ಕು ಬಿರಿದ ಭತ್ತವನ್ನೂ ಹೀಗೆ ಉಳಿಸಿಕೊಳ್ಳಬಹುದು. ಮಳೆಗಾಲದಲ್ಲೇ ಕೊಯ್ಲಾಗುವ ಕರಾವಳಿಯಲ್ಲಿ ಕುಚ್ಚಲಕ್ಕಿಯೇ ಊಟದ ಅಕ್ಕಿಯಾಗಿ ನೆಲೆ ನಿಂತದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಆದರೆ ಬೆಸೆದ ಕಾಳನ್ನೂ ತಪ್ಪಾಗಿ ಒಣಗಿಸಿ ಮತ್ತೆ ಬಿರಿಯಿಸಬಹುದು. ಈ ವಿಷಯದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಕೆ. ಆರ್. ಭಟ್ಟಾಚಾರ್ಯ ಮತ್ತು ಇಂದುಧರ ಸ್ವಾಮಿ ಅವರು 1967ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ತ್ವದ್ದು. ಬೇಯಿಸಿದ ಭತ್ತವನ್ನು ಸುಮಾರು ಶೇ. 16ರವರೆಗೆ ಎಷ್ಟು ಬೇಗ ಒಣಗಿಸಿದರೂ ಹಾನಿಯಿಲ್ಲ, ಅದಕ್ಕಿಂತ ಕೆಳಗೆ ಒಂದೇ ಓಟದಲ್ಲಿ ಒಣಗಿಸಿದಾಗ ಮಾತ್ರ ಕಾಳು ಬಿರಿಯುತ್ತದೆ ಎಂದು ಅವರು ತೋರಿಸಿದರು. ಆದ್ದರಿಂದ ಶೇ. 16ರ ಹತ್ತಿರ ಬಂದಾಗ ನಿಲ್ಲಿಸಿ, ರಾಶಿ ಮಾಡಿ ಕೆಲವು ಗಂಟೆ ಹದಕ್ಕೆ ಬಿಟ್ಟು, ಎರಡನೆಯ ಸಲ ಶೇ. 14ಕ್ಕೆ ತರಬೇಕು. ಬಿಸಿಲಿನ ಅಂಗಳಕ್ಕೂ ಯಂತ್ರಕ್ಕೂ ಈ ಕ್ರಮ ಸಮಾನವಾಗಿ ಅನ್ವಯಿಸುತ್ತದೆ. ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಸುವಾಗ ಹುಟ್ಟುವ ಹುಳಿವಾಸನೆಯನ್ನು ತಪ್ಪಿಸಲು ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ಮಾತ್ರ ನೆನೆಸುವ ವಿಧಾನವನ್ನು ರೂಪಿಸಿದ್ದೂ ಇದೇ ಸಂಶೋಧನಾಲಯ.

ಪರಿಮಳ, ಹಳೆಯ ಅಕ್ಕಿ ಮತ್ತು ಬೀಜ

ಬಾಸ್ಮತಿ, ಗಂಧಸಾಲೆ, ಜೀರಿಗೆ ಸಣ್ಣ ಮೊದಲಾದ ಪರಿಮಳದ ಅಕ್ಕಿಗಳ ಸುವಾಸನೆಗೆ ಮುಖ್ಯ ಕಾರಣ 2-ಅಸಿಟೈಲ್-1-ಪೈರೋಲಿನ್ ಎಂಬ ಸುಲಭವಾಗಿ ಆವಿಯಾಗುವ ವಸ್ತು. ಹೆಚ್ಚು ಬಿಸಿಯಲ್ಲಿ ಒಣಗಿಸಿದಷ್ಟೂ ಇದು ಕಡಿಮೆಯಾಗುತ್ತದೆ. ಇಂತಹ ತಳಿಗಳನ್ನು ಕಡಿಮೆ ಉಷ್ಣತೆಯಲ್ಲಿ ಅಥವಾ ನೆರಳಿನಲ್ಲಿ ನಿಧಾನವಾಗಿ ಆರಿಸುವುದು ವಾಡಿಕೆ.

ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯ ಅಕ್ಕಿಯದು ಉದುರುದುರಾಗಿರುತ್ತದೆ. ಇದು ಒಣಗಿಸುವಿಕೆಯ ದೋಷವಲ್ಲ. ಸಂಗ್ರಹದಲ್ಲಿ ತಿಂಗಳುಗಳು ಕಳೆದಂತೆ ಕಾಳಿನಲ್ಲಾಗುವ ಬದಲಾವಣೆ. ಎಷ್ಟು ಒಣಗಿಸಿದರೂ ಹೊಸ ಅಕ್ಕಿ ಹಳೆಯದಾಗುವುದಿಲ್ಲ. ಗಿರಣಿಗಳು ಈಗ ಭತ್ತಕ್ಕೆ ಅಲ್ಪ ಹೊತ್ತು ಹಬೆ ಕೊಟ್ಟು ಒಣಗಿಸಿ ‘ಸ್ಟೀಮ್ ಅಕ್ಕಿ’ ಎಂದು ಮಾರುವುದು ಈ ಕಾಯುವಿಕೆಯನ್ನು ತಪ್ಪಿಸಿಕೊಳ್ಳಲು.

ಬಿತ್ತನೆ ಬೀಜಕ್ಕೆ ನಿಯಮಗಳು ಬಿಗಿ. ಒಣಗಿಸುವ ಗಾಳಿಯ ಉಷ್ಣತೆ 43 ಡಿಗ್ರಿ ಮೀರಬಾರದು. ಮೀರಿದರೆ ಹೊರನೋಟಕ್ಕೆ ಚೆನ್ನಾಗಿದ್ದರೂ ಭ್ರೂಣ ಸಾಯುತ್ತದೆ. ಭಾರತದಲ್ಲಿ ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಶೇ. 80ರ ಮೊಳಕೆ, ಗರಿಷ್ಠ ಶೇ. 13ರ ತೇವಾಂಶವನ್ನು ನಿಗದಿಪಡಿಸಲಾಗಿದೆ. ತೇವಾಂಶ ಒಂದು ಅಂಶ ಇಳಿದಂತೆಲ್ಲ ಬೀಜದ ಆಯುಷ್ಯ ಎರಡರಷ್ಟಾಗುತ್ತದೆ ಎಂಬುದು ಬೀಜತಜ್ಞರು ಬಳಸುವ ಸ್ಥೂಲ ಸೂತ್ರ.

ಬೆಲೆ ಮತ್ತು ಗುಣಮಟ್ಟ

ಕನಿಷ್ಠ ಬೆಂಬಲ ಬೆಲೆಯ ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶದ ಮೇಲ್ಮಿತಿ ಶೇ. 17. ಇದಕ್ಕಿಂತ ಹಸಿಯಾಗಿದ್ದರೆ ಭತ್ತವನ್ನು ಹಿಂದಕ್ಕೆ ಕಳುಹಿಸಬಹುದು. ಬಾಡಿಗೆ ತೆತ್ತು ತಂದ ರೈತ ಅದನ್ನು ಅಲ್ಲೇ ದೊರೆತ ಬೆಲೆಗೆ ಮಾರಿಬಿಡುವ ಸಂದರ್ಭಗಳು ಇಲ್ಲಿ ಹುಟ್ಟುತ್ತವೆ. ಇನ್ನೊಂದು ಕಡೆ, ಶೇ. 17ರ ಭತ್ತವನ್ನು ಶ್ರಮಪಟ್ಟು ಶೇ. 14ಕ್ಕೆ ಒಣಗಿಸಿದವನಿಗೆ ಕ್ವಿಂಟಲಿಗೆ ಮೂರೂವರೆ ಕಿಲೋ ತೂಕ ಕಡಿಮೆಯಾಗುತ್ತದೆ, ಬೆಲೆ ಮಾತ್ರ ಅಷ್ಟೇ.

ತೇವಮಾಪಕ ತೋರಿಸುವುದು ನೀರಿನ ಪ್ರಮಾಣವನ್ನಷ್ಟೇ. ಕಾಳಿನೊಳಗಿನ ಬಿರುಕನ್ನು ಅದು ಕಾಣದು. ನಿಧಾನವಾಗಿ, ಹದವರಿತು ಒಣಗಿಸಿದ ಭತ್ತಕ್ಕೂ ರಸ್ತೆಯ ಬಿಸಿಗೆ ಒಂದೇ ದಿನದಲ್ಲಿ ಒಣಗಿಸಿದ ಭತ್ತಕ್ಕೂ ಖರೀದಿ ಕೇಂದ್ರದಲ್ಲಿ ಒಂದೇ ಬೆಲೆ. ಉದಾಹರಣೆಗೆ ಎರಡರಿಂದಲೂ 67 ಕಿಲೋ ಅಕ್ಕಿ ಬಂದರೂ ಒಂದರಲ್ಲಿ 55 ಕಿಲೋ ಇಡಿ ಅಕ್ಕಿ, ಇನ್ನೊಂದರಲ್ಲಿ 40 ಕಿಲೋ ಮಾತ್ರ ಇದ್ದರೆ, ಆ 15 ಕಿಲೋ ವ್ಯತ್ಯಾಸದ ಲಾಭ ನಷ್ಟಗಳು ಗಿರಣಿಯ ಲೆಕ್ಕಕ್ಕೆ ಹೋಗುತ್ತವೆಯೇ ಹೊರತು ಒಣಗಿಸಿದವರಿಗೆ ಮುಟ್ಟುವುದಿಲ್ಲ. ರೈತರು ಒಣಗಿಸುವಿಕೆಯಲ್ಲಿ ಆಸಕ್ತಿ ತೋರುವುದಿಲ್ಲವೆಂಬ ದೂರಿಗೆ ಉತ್ತರ ಬಹುಶಃ ಇಲ್ಲಿಯೇ ಇದೆ. ತಾವೇ ಅಕ್ಕಿ ಮಾಡಿಸಿ ಮಾರುವ ರೈತರು ಮತ್ತು ಅವರ ಸಂಘಗಳು ಹದಕ್ಕೆ ಬಿಡುವ ಕ್ರಮವನ್ನು ಬೇಗ ಅಳವಡಿಸಿಕೊಳ್ಳುತ್ತಾರೆ, ಏಕೆಂದರೆ ನುಚ್ಚಿನ ಚೀಲ ಅವರ ಕಣ್ಣೆದುರಿಗೇ ತುಂಬುತ್ತದೆ. ನುಚ್ಚು ವ್ಯರ್ಥವೆಂದಲ್ಲ, ರೊಟ್ಟಿಯ ಹಿಟ್ಟಿಗೆ, ಕಡುಬಿಗೆ, ಕೋಳಿಯ ಮೇವಿಗೆ ಅದು ಸಲ್ಲುತ್ತದೆ, ಆದರೆ ಇಡಿ ಅಕ್ಕಿಯ ಬೆಲೆ ಅದಕ್ಕಿಲ್ಲ.

ತೇವಾಂಶವನ್ನು ಅಳೆಯುವ ಬಗೆ

ಖಚಿತ ವಿಧಾನವೆಂದರೆ ಭತ್ತವನ್ನು ಒಲೆಪೆಟ್ಟಿಗೆಯಲ್ಲಿ ನಿಗದಿತ ಉಷ್ಣತೆಯಲ್ಲಿ ಪೂರ್ತಿ ಒಣಗಿಸಿ ತೂಕದ ವ್ಯತ್ಯಾಸ ನೋಡುವುದು. ಮಾರುಕಟ್ಟೆಯಲ್ಲಿ ಬಳಸುವ ವಿದ್ಯುತ್ ತೇವಮಾಪಕಗಳು ಕ್ಷಣಮಾತ್ರದಲ್ಲಿ ಅಂಕಿ ಕೊಡುತ್ತವೆ. ಆದರೆ ಬಿಸಿಲಿನಿಂದ ಈಗಷ್ಟೇ ತೆಗೆದ ಬಿಸಿ ಕಾಳಿಗೂ ಇಬ್ಬನಿಯಿಂದ ಮೈ ಒದ್ದೆಯಾದ ಕಾಳಿಗೂ ಅವು ಸರಿಯಾದ ಅಂಕಿ ಕೊಡುವುದಿಲ್ಲ. ಭತ್ತವನ್ನು ತಣಿಯಬಿಟ್ಟು, ರಾಶಿಯ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಮಾದರಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಅನುಭವಿಗಳು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ: ಮೆತ್ತಗೆ ಜಜ್ಜಿಹೋದರೆ ಹಸಿ, ಕಟಕ್ಕೆಂದು ತುಂಡಾದರೆ ಒಣಗಿದೆ. ಶೇ. 14ಕ್ಕೂ 17ಕ್ಕೂ ಇರುವ ಅಂತರ ಈ ಪರೀಕ್ಷೆಯಲ್ಲಿ ಸ್ಪಷ್ಟವಾಗುವುದಿಲ್ಲ. ಖರೀದಿ ಕೇಂದ್ರಕ್ಕೆ ಗಾಡಿ ಹೂಡುವ ಮೊದಲು ತೇವಮಾಪಕದಲ್ಲಿ ಒಮ್ಮೆ ನೋಡಿಸುವುದು ಕ್ಷೇಮ.